ನೂರಾ ಹತ್ತು ಗಂಟಿನ ಪ್ರತಿನಿಧಿ

ಇವತ್ತು ಮಾಡಿದ ಕೆಲಸಗಳು ಇಷ್ಟು. ನಲ್ಲಿಗೆ ನೀರು ಐದೂವರೆಗೇ ಬಂತು, ಎರಡು ಕೊಡ ಹೆಚ್ಚಿಗೆ ತುಂಬಿಟ್ಟೆ. ಯಜಮಾನರ ಅಂಗಿಗೆ ಎರಡನೆಯ ಗುಂಡಿ ಹಚ್ಚಿದೆ. ಉಪ್ಪಿನಕಾಯಿ ಭರಣಿ ಇಳಿಸಿ ಬಾಯಿಗೆ ಹೊಸ ಬಟ್ಟೆ ಕಟ್ಟಿದೆ. ಹಾಸಿಗೆಯ ಹೊದಿಕೆ ಎರಡು ಒಗೆದು ಮಾಳಿಗೆಯ ಮೇಲೆ ಹಾಕಿದೆ. ಎರಡು ಕಟ್ಟು ಮೆಂತ್ಯ ಸೋಸಿದೆ. ಈ ನಡುವೆ, ಹನ್ನೊಂದರಿಂದ ಒಂದು ಗಂಟೆಯ ತನಕ, ಒಂದು ವಿಶ್ವವಿದ್ಯಾಲಯಕ್ಕೆ ಹಂಗಾಮಿ ಕುಲಪತಿಯನ್ನು ಆರಿಸಿ ಬಂದೆವು.

ನಾವು ಎಂದರೆ ನಾನಲ್ಲ. ನಾನು ಹೊರಗೆ ಬೆಂಚಿನ ಮೇಲೆ ಕುಳಿತು ಆ ಮೆಂತ್ಯ ಸೋಸುತ್ತಿದ್ದೆ. ಒಳಗೆ ಖುರ್ಚಿಯ ಮೇಲೆ ಕುಳಿತು ಆರಿಸಿದವರು ನಮ್ಮ ನಾದಿನಿ, ಯಜಮಾನರ ಅಕ್ಕ. ವಿದ್ಯಾರ್ಥಿಗಳ ಪ್ರತಿನಿಧಿಯಾಗಿ. ವಯಸ್ಸು ಐವತ್ತೇಳು. ಬಾಗಲಕೋಟೆ ಜಿಲ್ಲೆಯಲ್ಲಿ ಅವರಿಗಿಂತ ವಯಸ್ಸಾದ ವಿದ್ಯಾರ್ಥಿ ಇದ್ದಾರೋ ಇಲ್ಲವೋ ತಿಳಿಯದು. ಅವರಿಗಿಂತ ಹಟದ ವಿದ್ಯಾರ್ಥಿ ಇಲ್ಲ ಎಂದು ಬೇಕಾದರೆ ಬರೆದು ಕೊಡುತ್ತೇನೆ.

ಇಲಕಲ್ಲಿನ ನೇಕಾರರ ಮನೆ ಅವರದು. ಏಳನೆಯ ತರಗತಿ ಮುಗಿಸಿ ಮಗ್ಗಕ್ಕೆ ಕುಳಿತವರು ತಮ್ಮನನ್ನು ಓದಿಸಿ, ಮಾಸ್ತರನನ್ನಾಗಿ ಮಾಡಿ, ನನ್ನನ್ನು ತಂದು ಅವನಿಗೆ ಗಂಟು ಹಾಕಿ, ನಮ್ಮ ಮಕ್ಕಳು ಕಾಲೇಜಿನ ಮೆಟ್ಟಿಲು ಹತ್ತಿದ ಮೇಲೆ "ಇನ್ನ ನನ್ನ ಪಾಳಿ" ಎಂದು ಎದ್ದರು. ಮನೆಯಲ್ಲೇ ಓದಿ ಹತ್ತನೆಯ ಪರೀಕ್ಷೆ ಕಟ್ಟಿದರು, ಆಮೇಲೆ ಪಿಯುಸಿ, ಆಮೇಲೆ ಅಂಚೆಯಲ್ಲಿ ಬಿ.ಎ. ಈಗ ಎಂ.ಎ. ಇತಿಹಾಸ, ಎರಡನೆಯ ವರ್ಷ. ವಾರವೆಲ್ಲ ಬಾಗಲಕೋಟೆಯ ನವನಗರದಲ್ಲಿ ನಮ್ಮ ಮನೆ, ಶನಿವಾರ ಇಲಕಲ್ಲಿಗೆ. ಮದುವೆ ಯಾಕೆ ಆಗಲಿಲ್ಲ ಎಂದು ಯಾರಾದರೂ ಕೇಳಿದರೆ ಅವರದು ಒಂದೇ ಉತ್ತರ: "ಯಾರರೆ ನೋಡಾಕ ಬಂದಾಗೆಲ್ಲ ಮಗ್ಗದ ಮ್ಯಾಲ ಅರ್ಧ ಸೀರಿ ಇರ್ತಿತ್ತು. ಬಿಟ್ಟು ಏಳಾಕ ಬರ್ತದೇನು?"

ಹೆಂಗಸರಿಗೆ ಬಸ್ಸು ಪುಕ್ಕಟೆ ಆದಮೇಲೆ ಎಲ್ಲರೂ ಆಧಾರ್ ಕಾರ್ಡು ತೋರಿಸಿ ಓಡಾಡುತ್ತಾರೆ. ಇವರು ತೋರಿಸುವುದು ವಿಶ್ವವಿದ್ಯಾಲಯದ ಗುರುತಿನ ಚೀಟಿ. ಮೊದಲ ದಿನ ಕಂಡಕ್ಟರ್ ಅದನ್ನು ತಿರುಗಿಸಿ ಮುರುಗಿಸಿ ನೋಡಿದ.

"ಅವ್ವಾರ, ಇದು ಮೊಮ್ಮಗಳದೇನ್ರಿ? ನಿಮ್ಮ ಆಧಾರ್ ಕೊಡ್ರಿ."

"ಫೋಟೋ ನೋಡೋ ತಮ್ಮಾ."

"ಫೋಟೋ ನಿಮ್ಮದ ಐತ್ರಿ. ಕಾರ್ಡ್ ಸ್ಟೂಡೆಂಟದು ಐತಲ್ಲ."

"ನಾನೂ ಅದ ಅದೇನಿ."

"ಹೆಂಗಸರಿಗೆ ಹೆಂಗೂ ಪುಕ್ಕಟೆ ಐತ್ರಿ. ಆಧಾರ್ ಒಂದು ತೋರಿಸಿಬಿಡ್ರಿ, ಮುಗೀತು."

"ಹೆಂಗಸು ಅಂತ ಮನಿಯಾಗ ಇರ್ತೇನಿ. ಬಸ್ಸಿನ್ಯಾಗ ವಿದ್ಯಾರ್ಥಿ ಅಂತ ಹತ್ತೇನಿ."

ಹಿಂದಿನ ಸೀಟಿನವರು ನಕ್ಕರು, ಕಂಡಕ್ಟರ್ ಸೋತ. ಈಗ ಆ ದಾರಿಯ ಕಂಡಕ್ಟರುಗಳೆಲ್ಲ ಇವರನ್ನು ಕಂಡ ಕೂಡಲೇ "ಸ್ಟೂಡೆಂಟ್ ಅವ್ವಾರು ಬಂದ್ರು, ಏಳ್ರಿ" ಎಂದು ಮುಂದಿನ ಸೀಟು ಬಿಡಿಸಿಕೊಡುತ್ತಾರೆ. ಆ ಸೀಟಿನ ಹಿಂದೆ 'ಹಿರಿಯ ನಾಗರಿಕರಿಗೆ' ಎಂದು ಬರೆದಿದೆ. ಇವರು ಅಕ್ಷರ ಯಾರಿಗೂ ಕಾಣದಂತೆ ಸರಿಯಾಗಿ ಅದಕ್ಕೇ ಬೆನ್ನು ಒರಗಿಸಿ ಕೂಡುತ್ತಾರೆ.

ಅವರ ಇನ್ನೊಂದು ಚಾಳಿ ಗಂಟಿನದು. ಪ್ರತಿ ಮನುಷ್ಯನಿಗೂ ಒಂದು ಕೈ ಇರುತ್ತದೆ, ಆ ಕೈ ಗಂಟಿನಲ್ಲಿ ಸಿಗುತ್ತದೆ ಎಂಬುದು ಅವರ ನಂಬಿಕೆ. ನನ್ನನ್ನು ನೋಡಲು ಬಂದಾಗ ಹಾಡು ಹೇಳು ಎನ್ನಲಿಲ್ಲ, ಅಡಿಗೆ ಬರುತ್ತದೆಯೇ ಎಂದು ಕೇಳಲಿಲ್ಲ. ಚೀಲದಿಂದ ಒಂದೆಳೆ ನೂಲು ತೆಗೆದು, ಹರಿದು, "ಕೂಡಿಸು" ಎಂದರು. ನಾನು ಗಂಟು ಹಾಕಿದೆ. ಎರಡು ಬೆರಳಲ್ಲಿ ಎಳೆದು ನೋಡಿ ತಮ್ಮನ ಕಡೆ ತಿರುಗಿದರು: "ಸಿಟ್ಟು ತಡಾ ಮಾಡಿ ಬರ್ತೈತಿ. ಬಂದ್ರ ಮಾತ್ರ ಹೋಗೂದಿಲ್ಲ. ಮಾಡ್ಕೋ." ಇಪ್ಪತ್ತಾರು ವರ್ಷವಾಯಿತು, ಯಜಮಾನರು ಆ ವರದಿಯನ್ನು ತಿಂಗಳಿಗೊಮ್ಮೆಯಾದರೂ ನೆನಪಿಸಿಕೊಳ್ಳುತ್ತಾರೆ.

ಹೋದ ವರ್ಷ ದವಾಖಾನೆಯಲ್ಲಿ ಡಾಕ್ಟರು ನಾದಿನಿಯ ರಕ್ತದೊತ್ತಡ ನೋಡುವ ಮೊದಲೇ ಇವರು ಡಾಕ್ಟರ ಕೈಗೆ ನೂಲು ಕೊಟ್ಟರು. ಆ ಪುಣ್ಯಾತ್ಮರು ಎರಡು ಕೈಯಿಂದ ಸರಸರ ಗಂಟು ಬಿಗಿದರು. ಇವರು ಎಳೆದು ನೋಡಿ, "ಭಾಳ ಬಿಗಿ. ನಿಮಗ ನಿದ್ದಿ ಕಡಿಮಿ ಐತಿ, ರಾತ್ರಿ ಹಾಲು ಕುಡೀರಿ" ಎಂದರು. ಡಾಕ್ಟರು ಗುಳಿಗೆ ಬರೆದುಕೊಟ್ಟರು, ಇವರು ಹಾಲು ಬರೆದುಕೊಟ್ಟು ಬಂದರು. ಇಬ್ಬರಲ್ಲಿ ಯಾರ ಮಾತು ಯಾರು ಕೇಳಿದರೋ ನನಗೆ ತಿಳಿಯದು.

ಇಂಥವರು ಓದುವ ವಿಶ್ವವಿದ್ಯಾಲಯದ ಹೆಸರು ಬೇಡ. ಒಂದು ಸಂಸ್ಥೆಯವರು ಊರ ಹೊರಗೆ ಕಟ್ಟಿದ ಸಣ್ಣ ವಿಶ್ವವಿದ್ಯಾಲಯ. ಅಲ್ಲಿನ ಕುಲಪತಿಗಳು ಆರೋಗ್ಯ ಸರಿಯಿಲ್ಲವೆಂದು ಅವಧಿ ಮುಗಿಯುವ ಮುಂಚೆಯೇ ಊರಿಗೆ ಹೋದರು. ಹೊಸಬರು ಸಿಗುವ ತನಕ ಆರು ತಿಂಗಳಿಗೆ ಒಬ್ಬ ಹಂಗಾಮಿ ಬೇಕು. ಸಂಸ್ಥೆಯವರು ನಾಲ್ಕು ಜನರ ಸಮಿತಿ ಮಾಡಿದರು. ಸುದ್ದಿ ತಂದ ದಿನ ನಾದಿನಿ ರೊಟ್ಟಿಯ ಹಿಟ್ಟು ನಾದುತ್ತ ಹೇಳಿದರು:

"ನಾಕೂ ಮಂದಿ ದೊಡ್ಡವರ ಅದಾರ. ಕಂಡಿಕಿ ಸುತ್ತೂರನ್ನ ಯಾರೂ ಕೇಳ್ಲಿಲ್ಲ ನೋಡು."

ಇದು ಅವರ ಓಣಿಯ ರೂಢಿ. ಮಗ್ಗದ ಮೇಲೆ ಅರ್ಧ ಸೀರೆ ಇರುವಾಗ ನೇಯುವವರು ಕಾಯಿಲೆ ಬಿದ್ದರೆ, ಅದನ್ನು ಕತ್ತರಿಸಲು ಬರುವುದಿಲ್ಲ, ಬಹಳ ದಿನ ಕಾಯಲೂ ಬರುವುದಿಲ್ಲ. ಬೇರೊಬ್ಬರನ್ನು ಕೂಡಿಸಬೇಕು. ಕೂತವರ ಏಟು ಜೋರಾದರೆ ಅಲ್ಲಿಂದ ಬಟ್ಟೆ ಬಿಗಿ, ಮೆತ್ತಗಾದರೆ ಜಾಳು. ಆ ಸೀರೆ ಬಾಳುವಷ್ಟು ದಿನ ನಡುವೆ ಒಂದು ಗೆರೆ ಕಾಣುತ್ತದೆ. ಆದ್ದರಿಂದ ಯಾರನ್ನು ಕೂಡಿಸುವುದು ಎಂದು ಮನೆಯ ಹಿರಿಯರೂ ಹೇಳುವುದಿಲ್ಲ, ಸೀರೆ ಒಯ್ಯುವ ಸಾವುಕಾರರೂ ಹೇಳುವುದಿಲ್ಲ. ಕಂಡಿಕೆ ಸುತ್ತುವವರನ್ನು ಕೇಳುತ್ತಾರೆ. ಲಾಳಿಯ ಹೊಟ್ಟೆಯೊಳಗೆ ಇಡುವ ಸಣ್ಣ ನೂಲಿನ ಸುರುಳಿಯೇ ಕಂಡಿಕೆ. ಅದನ್ನು ಸುತ್ತಿಕೊಡುವವರು ಹೆಚ್ಚಾಗಿ ಮನೆಯ ಮಕ್ಕಳು, ಮುದುಕಿಯರು. ಯಾರು ಎಷ್ಟು ನೂಲು ಹರಿದುಕೊಳ್ಳುತ್ತಾರೆ, ಯಾರ ಕೈ ಯಾರ ಕೈಗೆ ಹೊಂದುತ್ತದೆ, ಅವರಿಗೇ ಗೊತ್ತು.

"ಅಕ್ಕಾ, ಅದು ಯುನಿವರ್ಸಿಟಿ. ಮಗ್ಗ ಅಲ್ಲ" ಎಂದರು ಯಜಮಾನರು.

"ಅಲ್ಲೂ ಅರ್ಧಕ್ಕ ನಿಂತೈತಿ. ನಂದ ಮೂರನೇ ಸೆಮಿಸ್ಟರ್ ಮುಗದಿಲ್ಲ."

ಕಂಡಿಕೆಯ ವಿಚಾರ ಇವರು ಹೇಳಿದ್ದರಿಂದಲೋ, ಹುಡುಗರಿಗೆ ತಾವಾಗಿಯೇ ಹೊಳೆದಿತ್ತೋ, ಮರುದಿನವೇ ವಿದ್ಯಾರ್ಥಿಗಳೆಲ್ಲ ಗೇಟಿನ ಮುಂದೆ ಕುಳಿತರು. ಸಮಿತಿಯಲ್ಲಿ ತಮ್ಮದೂ ಒಂದು ಖುರ್ಚಿ ಬೇಕು. ಎಂಟು ದಿನ ಕುಳಿತ ಮೇಲೆ ಸಂಸ್ಥೆಯವರು ಒಪ್ಪಿದರು: ಒಂದು ಖುರ್ಚಿ, ಒಬ್ಬ ಪ್ರತಿನಿಧಿ, ವಿದ್ಯಾರ್ಥಿಗಳ ಅಭಿಪ್ರಾಯ ಹೇಳಲು ಮಾತ್ರ. ಇದು ಸರಿಹೋದರೆ ಮುಂದೆ ಎಲ್ಲ ಸಮಿತಿಯಲ್ಲೂ ಖುರ್ಚಿ. ಕೆಟ್ಟರೆ ಇದೇ ಮೊದಲು, ಇದೇ ಕೊನೆ.

ಒಂದಾಗಿ ಕುಳಿತವರು ಖುರ್ಚಿ ಸಿಕ್ಕ ಕೂಡಲೇ ಎರಡಾದರು! ಹಾಸ್ಟೆಲ್ಲಿನಲ್ಲಿ ಇರುವವರದು ಒಂದು ಪಂಗಡ, ದಿನಾ ಬಸ್ಸಿನಲ್ಲಿ ಹುನಗುಂದ, ಬಾದಾಮಿ, ಕೂಡಲಸಂಗಮದ ಕಡೆಯಿಂದ ಬರುವವರದು ಇನ್ನೊಂದು. ಖುರ್ಚಿಯ ಮೇಲೆ ಯಾರು ಕೂಡಬೇಕೆಂದು ಎರಡು ದಿನ ಕಿತ್ತಾಡಿ, ಕೊನೆಗೆ ನಮ್ಮ ನಾದಿನಿಯ ಹೆಸರಿಗೆ ಎರಡೂ ಪಂಗಡ ಕೈ ಎತ್ತಿದವು. ಹಾಸ್ಟೆಲ್ಲಿನವರು ಇವರು ತಮ್ಮ ಕಡೆ ಎಂದುಕೊಂಡಿದ್ದರು, ಬಸ್ಸಿನವರು ತಮ್ಮ ಕಡೆ ಎಂದುಕೊಂಡಿದ್ದರು. ಮತ್ತೆ ಸಮಿತಿಯವರು ಒಬ್ಬ ಹುಡುಗನಿಗಾದರೆ "ಎದ್ದು ಹೋಗು" ಅನ್ನಬಹುದು, ಇವರಿಗೆ ಹೇಗೆ ಅಂದಾರು? ಮನೆಗೆ ಬಂದು ಹೇಳಿಹೋದ ಹುಡುಗಿಯ ಮಾತು ನನಗೆ ಇನ್ನೂ ನೆನಪಿದೆ.

"ದೊಡ್ಡವ್ವಾರ, ಈ ಒಂದ್ ಖುರ್ಚಿ ಸಲುವಾಗಿ ಎಂಟು ದಿನ ಬಿಸಲಾಗ ಕುಂತೇವ್ರಿ. ಇದನ್ನ ಕಳೀಬ್ಯಾಡ್ರಿ."

ಇವರು ಆ ಹುಡುಗಿಗೆ ಶೇಂಗಾ ಹೋಳಿಗೆ ಕೊಟ್ಟು, ಕೈಗೆ ನೂಲೂ ಕೊಟ್ಟರು.

ಹಂಗಾಮಿ ಸ್ಥಾನಕ್ಕೆ ಇದ್ದವರು ಇಬ್ಬರು. ಒಬ್ಬರು ಡೀನರು. ಕಂಡಾಗಲೆಲ್ಲ ನಾದಿನಿಗೆ "ತಾಯಿ, ನಿಮ್ಮಂಥವರು ನಮ್ಮ ಸಂಸ್ಥೆಗೆ ಶೋಭೆ" ಎನ್ನುವರು. ಕಿರುಪರೀಕ್ಷೆಯಲ್ಲಿ ಇವರಿಗೆ ಇಪ್ಪತ್ತಕ್ಕೆ ಹದಿನೆಂಟು ಅಂಕ ಕೊಟ್ಟವರು. ಅವರ ಮೇಜಿನ ಮೇಲೆ ಹೋದ ಅರ್ಜಿ ಮಾತ್ರ ಹಬ್ಬದಿಂದ ಹಬ್ಬಕ್ಕೆ ಅಲ್ಲೇ ಇರುತ್ತಿತ್ತಂತೆ. ಇನ್ನೊಬ್ಬರು ಇತಿಹಾಸದ ಪ್ರಾಧ್ಯಾಪಕರು, ಇವರ ಸ್ವಂತ ಗುರುಗಳು. ಅವರಿಗೆ ನಮ್ಮ ಮನೆಯಲ್ಲಿ ಇರುವ ಹೆಸರು 'ಎಂಟರಾಂವ'. ಇಪ್ಪತ್ತಕ್ಕೆ ಎಂಟು ಕೊಟ್ಟ ಕಾರಣ.

ಎಂಟು ಅಂಕವನ್ನು ಇವರು ನುಂಗಿಕೊಳ್ಳುತ್ತಿದ್ದರೇನೋ. ನುಂಗದೆ ಉಳಿದದ್ದು ಬಾದಾಮಿಯ ಮಾತು. ಹೋದ ವರ್ಷ ಇಡೀ ತರಗತಿಯನ್ನು ಗುಹೆ ನೋಡಲು ಕರೆದೊಯ್ದಿದ್ದರು. ಪ್ರಾಧ್ಯಾಪಕರು ಒಂದು ಮೂರ್ತಿಯ ಮುಂದೆ ನಿಂತು, ಇದರ ಮೈಮೇಲೆ ರೇಷ್ಮೆಯ ವಸ್ತ್ರವಿದೆ ಎಂದರಂತೆ. ಇವರು ಹಿಂದಿನಿಂದ ಕೈ ಎತ್ತಿದರು.

"ಸರ್, ಅದು ಹತ್ತಿ. ರೇಶ್ಮಿ ನಿರಿಗಿ ಹಂಗ ನಿಲ್ಲೂದಿಲ್ಲ."

"ಅದು ಕಲ್ಲು ರೀ. ಹತ್ತಿನೂ ಅಲ್ಲ, ರೇಶ್ಮಿನೂ ಅಲ್ಲ."

"ಕೆತ್ತಿದಾಂವ ಹತ್ತಿ ನೋಡಿ ಕೆತ್ಯಾನ, ಸರ್."

ಪ್ರಾಧ್ಯಾಪಕರಿಗೆ ಬಿಸಿಲು, ಮೆಟ್ಟಿಲು, ಊಟದ ಚೀಲ ಕಸಿದುಕೊಂಡ ಮಂಗ, ಎಲ್ಲ ಸೇರಿ ತಲೆ ಕೆಟ್ಟಿತ್ತು. "ಅವ್ವಾರ, ನೀವು ಮಗ್ಗದ ಮುಂದ ಇದ್ದಿದ್ರ ಇಷ್ಟೊತ್ತಿಗೆ ಒಂದು ಸೀರಿಯಾದ್ರೂ ಆಗ್ತಿತ್ತು" ಎಂದುಬಿಟ್ಟರು. ಹುಡುಗರು ನಕ್ಕರು. ಇವರೂ ನಕ್ಕರಂತೆ. ಮನೆಗೆ ಬಂದು ಆ ಸಂಜೆ ಬಡಿದ ರೊಟ್ಟಿಯ ಸಪ್ಪಳಕ್ಕೆ ಪಕ್ಕದ ಮನೆಯವರು ಬಾಗಿಲಿಗೆ ಬಂದು, ಯಾರಾದರೂ ಬಿದ್ದರೇನು ಎಂದು ಕೇಳಿದರು.

ಅಂದರೆ ಇವರಿಗೆ ಯಾರು ಬೇಕು ಎಂಬುದರಲ್ಲಿ ಗೊಂದಲವೇ ಇರಲಿಲ್ಲ. ಹುಡುಗರಿಗೆ ಯಾರು ಬೇಕು? ಕಾಗದದ ಮೇಲೆ ಸಹಿ ಹಾಕಿಸಿಕೊಂಡು ಬರಬಹುದಿತ್ತು. ಅದಕ್ಕೆ ಇವರು ಒಪ್ಪಲಿಲ್ಲ. ಸಹಿಯಲ್ಲಿ ಕೈ ಸಿಗುವುದಿಲ್ಲವಂತೆ! ಎರಡು ಕಂಡಿಕೆ ಮಾಡಿದರು; ಡೀನರದು ಕೆಂಪು ರೇಷ್ಮೆ, ಪ್ರಾಧ್ಯಾಪಕರದು ಬಿಳಿ. ಯಾರು ಬೇಕೋ ಅವರ ನೂಲು ಒಂದು ಗೇಣು ಬಿಚ್ಚಿ, ಒಂದು ಗಂಟು ಹಾಕಿ, ಮತ್ತೆ ಸುತ್ತಿ ಕೊಡಬೇಕು. ಒಬ್ಬೊಬ್ಬರಿಗೂ ಯಾಕೆ ಎಂದು ಕೇಳುವರು. ಹದಿನೈದು ದಿನ ಇದೇ ಕೆಲಸ. ಬಸ್ ನಿಲ್ದಾಣದಲ್ಲಿ, ಹಾಸ್ಟೆಲ್ಲಿನ ಮೆಟ್ಟಿಲ ಮೇಲೆ, ಕ್ಯಾಂಟೀನಿನಲ್ಲಿ. ಕಾಲು ಮುರಿದು ಚೊಳಚಗುಡ್ಡದ ಮನೆಯಲ್ಲಿ ಮಲಗಿದ್ದ ಒಬ್ಬ ಹುಡುಗನ ಗಂಟಿಗೆ ಬಾದಾಮಿಯಲ್ಲಿ ಬಸ್ಸು ಬದಲಿಸಿ ಹೋಗಿ ಬಂದರು. ಹುಡುಗನ ತಾಯಿ ಇವರನ್ನು ಎಲುಬು ಕಟ್ಟುವವರೆಂದು ತಿಳಿದು ಕಾಲು ತೋರಿಸಿದರಂತೆ. ಅದನ್ನೂ ನೋಡಿ ಬಂದರು.

ಬಿಳಿಯ ಕಂಡಿಕೆ ದಿನದಿಂದ ದಿನಕ್ಕೆ ಗಂಟುಗಂಟಾಯಿತು. ಇವರ ಮುಖವೂ ಹಾಗೆಯೇ.

"ಆ ಎಂಟರಾಂವ ಅರ್ಜಿ ಕೊಟ್ಟ ದಿನಾನ ಸಹಿ ಮಾಡ್ತಾನಂತ. ಮರೋಳದ ಹುಡುಗಿಗೆ ಕಡೀ ಬಸ್ ತಪ್ಪತೈತಿ ಅಂತ ಕ್ಲಾಸ್ ಅರ್ಧ ತಾಸು ಮೊದಲ ಬಿಡ್ತಾನಂತ. ಗ್ರಂಥಾಲಯದ ಕೀಲಿ ತನ್ನ ಕಿಸೆದಾಗ ಇಟ್ಕೊಂಡು ರಜಾ ದಿನಾನೂ ತಾನ ಬಂದು ತಗೀತಾನಂತ."

"ಚಲೋ ಆತಲ್ರಿ ಅಕ್ಕಾರ" ಎಂದೆ.

"ಏನ್ ಚಲೋ? ಮಂದೀಗೆಲ್ಲ ಚಲೋ ಇದ್ದು ನನಗೊಬ್ಬಾಕಿಗೆ ಯಾಕ ಹಂಗಂದ?"

ಕೊನೆಗೆ ಬಿಳಿ ತೊಂಬತ್ತಾರು, ಕೆಂಪು ಹದಿಮೂರು. ಮೊನ್ನೆ ಶನಿವಾರ ಇಲಕಲ್ಲಿಗೆ ಹೋಗಿ, ಊರಲ್ಲಿದ್ದ ಕೊನೆಯ ಇಬ್ಬರಿಂದಲೂ ಗಂಟು ಹಾಕಿಸಿ, ತಮ್ಮದೊಂದು ಕೆಂಪಿಗೆ ಹಾಕಿ ನೂರಾ ಹತ್ತು ಮಾಡಿ, ಅಲ್ಲಿನ ಮನೆಗೆ ಬಂದು ಕೈಕಾಲು ತೊಳೆದುಕೊಂಡರು. ನಿನ್ನೆ ಭಾನುವಾರ ನಾವಿಬ್ಬರೂ ಇವರನ್ನು ಕರೆದುಕೊಂಡು ಬರಲೆಂದು ಹೋದಾಗ ಅಲ್ಲಿ ಮನೆಯೆಲ್ಲ ತಲೆಕೆಳಗಾಗಿತ್ತು. ಕಂಡಿಕೆ ಇರಲಿಲ್ಲ.

ಆ ಮನೆಯಲ್ಲಿ ಇರುವವರು ಇನ್ನೊಬ್ಬರೇ, ಇವರ ಚಿಗವ್ವ, ಅಂದರೆ ಅವ್ವನ ತಂಗಿ. ಎಪ್ಪತ್ತು ದಾಟಿದರೂ ಮಗ್ಗ ಬಿಟ್ಟಿಲ್ಲ. ಕಣ್ಣು ಸ್ವಲ್ಪ ಮಂದ. ಸೀರೆಯ ಸೆರಗು ನೇಯುತ್ತ ಕುಳಿತಿದ್ದರು. ಇಲಕಲ್ ಸೀರೆಯ ಸೆರಗು ಎಂದರೆ ಕೆಂಪು, ನಡುವೆ ಬಿಳಿಯ ಪಟ್ಟಿ.

"ಚಿಗವ್ವಾ, ಇಲ್ಲೆ ಎರಡು ಕಂಡಿಕಿ ಇದ್ದೂವು. ನೋಡಿಯೇನು?"

"ಬುಟ್ಟ್ಯಾಗ ಇದ್ದೂವಲ್ಲ, ಒಂದು ಕೆಂಪು ಒಂದು ಬಿಳಿ? ಯಾರ ಸುತ್ಯಾರಬೇ ಅವನ್ನ? ಬರೇ ಗಂಟು. ನಸುಕಿನಿಂದ ನೇದು ನೇದು ಕೈ ಸೋತ್ತು. ಇನ್ನ ಮುಂದ ಹಂತಾವು ಕೊಡಬ್ಯಾಡ."

ಬುಟ್ಟಿಯಲ್ಲಿ ಇಟ್ಟವರು ಇವರೇ. ಏಳನೆಯ ವಯಸ್ಸಿನಿಂದ ಕೈಯಲ್ಲಿ ಕಂಡಿಕೆ ಇದ್ದರೆ ಅದು ಮಗ್ಗದ ಪಕ್ಕದ ಬುಟ್ಟಿಗೇ ಹೋಗಿದೆ, ಮೊನ್ನೆಯೂ ಹೋಯಿತು. ಕೈಗೇನು ಗೊತ್ತು, ಇದು ವಿದ್ಯಾರ್ಥಿಗಳ ಅಭಿಪ್ರಾಯವೆಂದು? ಚಿಗವ್ವನ ಕೈಗೆ ಗೊತ್ತಾಯಿತೇ? ಸಿಕ್ಕ ಕಂಡಿಕೆಯನ್ನು ಲಾಳಿಗೆ ಹಾಕಿತು. ಯಜಮಾನರು ಬಗ್ಗಿ ಸೆರಗು ನೋಡಿದರು. ನಾನೂ ನೋಡಿದೆ. ಇಡೀ ವಿಶ್ವವಿದ್ಯಾಲಯ ನಾಲ್ಕು ಬೆರಳಗಲದಲ್ಲಿ ನೀಟಾಗಿ ಕುಳಿತಿತ್ತು.

"ಬಿಚ್ಚಾಕ ಬರಂಗಿಲ್ಲೇನ್ರಿ?" ಎಂದು ಕೇಳಿದೆ.

"ಬಿಚ್ಚಿದ್ರ ನೂಲು ಜುಬುರಾಗಿ ಎಳಿ ಎಳಿ ಹರೀತೈತಿ. ಕೊಯ್ದ್ರ ಚಿಗವ್ವನ ಹದಿನೈದು ದಿನದ ಕೆಲಸ ಹೋಗತೈತಿ" ಎಂದರು ನಾದಿನಿ. ಚಿಗವ್ವನಿಗೆ ಏನೂ ಹೇಳಬೇಡಿ ಎಂದು ನಮಗೆ ಕಣ್ಣಲ್ಲೇ ತಾಕೀತು ಮಾಡಿದರು.

ಹಿಂದಿರುಗುವಾಗ ಹುನಗುಂದ ದಾಟಿದ ಮೇಲೆ ಯಜಮಾನರು, ನಗಿಸಲೆಂದೋ ಏನೋ, ಹೇಳಿದರು: "ಅಕ್ಕಾ, ಒಂದ್ ಲೆಕ್ಕಕ್ಕ ಚಲೋನ ಆತು. ನೂಲಿಲ್ಲ, ಕಾಗದಿಲ್ಲ. ನಾಳೆ ನೀ ಯಾರ ಹೆಸರ ಹೇಳ್ತಿ ಅದ ಹುಡುಗೂರ ಮಾತು. ನಿನ್ನ ಎಂಟರಾಂವನ್ನ ಕೆಡವಾಕ ಹಿಂತಾ ದಿನ ಮತ್ತ ಸಿಗೂದಿಲ್ಲ."

ನಾದಿನಿ ಕಿಟಕಿಯ ಹೊರಗೆ ನೋಡುತ್ತ ಕುಳಿತರು. ಪ್ರತಿ ಸಲ ಅಮೀನಗಡದಲ್ಲಿ ಕೊಳ್ಳುವ ಕರದಂಟು ಮಿಠಾಯಿಯನ್ನೂ ತೆಗೆದುಕೊಳ್ಳಲಿಲ್ಲ. ಕಂಡಕ್ಟರ್ ಹೊಸಬ, ಆಧಾರ್ ಕೇಳಿದ. ಸುಮ್ಮನೆ ತೆಗೆದು ತೋರಿಸಿದರು. ಆಗ ಯಜಮಾನರಿಗೆ ಗಾಬರಿಯಾಯಿತು. "ನಾಳೆ ನೀ ಜೋಡಿ ಹೋಗು. ಜಗಳ ಆತಂದ್ರ ಕರಕೊಂಡು ಬಾ" ಎಂದು ನನ್ನ ಕಿವಿಯಲ್ಲಿ ಹೇಳಿದರು.

ಹೀಗೆ ಇವತ್ತು ನಾನು ಮೆಂತ್ಯದ ಚೀಲ ಹಿಡಿದು ಹೋದೆ. ಬಾಗಿಲಲ್ಲಿದ್ದ ಸಿಪಾಯಿ ಇವರನ್ನು ನೋಡಿ, "ಪಾಲಕರ ಕೋಣಿ ಆ ಕಡೆ ಐತ್ರಿ ಅವ್ವಾರ" ಎಂದ. ಇವರು ಗುರುತಿನ ಚೀಟಿ ತೋರಿಸಿ ಒಳಗೆ ಹೋದರು. ಒಳಗೆ ಫ್ಯಾನು ತಿರುಗುತ್ತಿರಲಿಲ್ಲ, ಕಿಟಕಿ ತೆರೆದಿದ್ದರು; ನನ್ನ ಬೆಂಚು ಕಿಟಕಿಯ ಕೆಳಗೇ ಇತ್ತು. ಐದು ನಿಮಿಷಕ್ಕೆ ಬೆಂಚಿನ ಸುತ್ತ ಹುಡುಗಿಯರು, ಹುಡುಗರು. ಒಬ್ಬಳು ಸುಮ್ಮನಿರಲಾರದೆ ನನ್ನ ಮೆಂತ್ಯಕ್ಕೆ ಕೈ ಹಚ್ಚಿದಳು.

ಒಳಗೆ ನಾಲ್ಕು ಜನರ ಮಾತು ಒಂದು ತಾಸು ನಡೆಯಿತು. ಇಬ್ಬರು ಡೀನರು ಅಂದರು, ಇಬ್ಬರು ಪ್ರಾಧ್ಯಾಪಕರು ಅಂದರು. ಸರಿಸಮ. ಅಧ್ಯಕ್ಷರು ನಿವೃತ್ತ ಪ್ರಿನ್ಸಿಪಾಲರು, ನಿಧಾನದ ಮನುಷ್ಯ. "ಇರ್ಲಿ, ವಿದ್ಯಾರ್ಥಿಗಳ ಅಭಿಪ್ರಾಯ ಏನೈತಿ? ಕಾಗದ ಕೊಡ್ರಿ" ಎಂದರು.

"ಕಾಗದ ಇಲ್ರಿ. ನೂಲಿನ್ಯಾಗ ತಗೊಂಡಿದ್ದೆ."

"ನೂಲು ಎಲ್ಲೈತಿ?"

"ಸೀರಿ ಸೆರಗಿನ್ಯಾಗ ಹೋತ್ರಿ. ನಮ್ಮ ಚಿಗವ್ವ ನೇದುಬಿಟ್ಲು."

ಒಳಗೆ ಯಾರೋ ಕೆಮ್ಮಿದರು. ಟೈ ಕಟ್ಟಿದ ಸದಸ್ಯರೊಬ್ಬರು, ಡೀನರ ಕಡೆಯವರು, "ನೋಡ್ರಿ ಸರ್, ಇದಕ್ಕ ನಾ ಮೊದಲ ಹೇಳಿದ್ದೆ, ಈ ಖುರ್ಚಿ ಬ್ಯಾಡ ಅಂತ. ಕಾಗದ ಇಲ್ಲಂದ್ರ ಅಭಿಪ್ರಾಯ ಇಲ್ಲ. ಹಂಗ ಬರದು ಮುಗಿಸ್ರಿ" ಎಂದರು. ಬೆಂಚಿನ ಬಳಿ ಎಲ್ಲರ ಕೈ ನಿಂತಿತು.

"ಅಭಿಪ್ರಾಯ ಐತ್ರಿ" ಎಂದರು ನಾದಿನಿ. "ಹೇಳ್ತೇನಿ. ಮೊದಲನೇದು, ಮರೋಳದ ಹುಡುಗಿ, ಎಡಗೈಲೆ ಗಂಟು ಹಾಕಿದ್ಲು. ಬಿಳಿ, ಅಂದ್ರ ಇತಿಹಾಸದ ಸರ್. ಕಡೀ ಬಸ್ಸಿಗೆ ಬಿಡ್ತಾರಂತ. ಎರಡನೇದು, ಕೂಡಲಸಂಗಮದ ಹುಡುಗ, ಮೂರು ಸಲ ಬಿಚ್ಚಿ ಹಾಕಿದ. ಕೆಂಪು, ಡೀನ್ ಸರ್. ಅವರು ಎಂದೂ ಬೈದಿಲ್ಲಂತ. ಮೂರನೇದು, ಹಾಸ್ಟೆಲ್ ಹುಡುಗ, ನೂಲು ಹಿಡದಾಗ ನಾಲಿಗಿ ಹೊರಗ ಚಾಚಿದ್ದ. ಬಿಳಿ. ಸ್ಕಾಲರ್‌ಶಿಪ್ ಅರ್ಜಿಗೆ ಅವತ್ತ ಸಹಿ ಹಾಕಿಕೊಟ್ರಂತ."

ಮೆಂತ್ಯ ಸೋಸುತ್ತಿದ್ದ ಹುಡುಗಿ ತನ್ನ ಎಡಗೈ ನೋಡಿಕೊಂಡು, ಎದ್ದು, ಕಿಟಕಿಗೆ ಮುಖ ಹಚ್ಚಿ, "ಅದು ನಾನ ರೀ ಸರ್" ಎಂದಳು. ಅವಳ ಹಿಂದೆ ಇನ್ನೊಬ್ಬ, "ನಾಲಿಗಿ ಚಾಚಿದಾಂವ ನಾನ್ರಿ" ಎಂದ. ಅವನನ್ನು ಅವನ ಗೆಳೆಯರು ಇನ್ನು ಓದು ಮುಗಿಯುವ ತನಕ ಬಿಡುವುದಿಲ್ಲ.

ಹನ್ನೆರಡು ಗಂಟು ಹೇಳಿಯಾದ ಮೇಲೆ ಅಧ್ಯಕ್ಷರು ಕೈ ಎತ್ತಿದರು. "ತಿಳೀತ್ರಿ ಅವ್ವಾರ. ಸಾಕಲ್ಲ?"

"ಇನ್ನೂ ತೊಂಬತ್ತೇಳು ಅದಾವ್ರಿ."

"ಎಲ್ಲಾನೂ ಹೇಳ್ತೀರೇನ್ರಿ?"

"ಅವರು ಬಸ್ ಬಿಟ್ಟು ನಿಂತು ಗಂಟು ಹಾಕ್ಯಾರ. ನೀವು ಕುಂತು ಕೇಳ್ರಿ."

ಕೇಳಿದರು. ಮುಕ್ಕಾಲು ತಾಸು. ಒಬ್ಬ ಸದಸ್ಯರು ನಡುವೆ ತೂಕಡಿಸಿದರು. ಅವರು ಎಚ್ಚರಾಗುವ ತನಕ ನಾದಿನಿ ಕಾದು, ಬಿಟ್ಟಲ್ಲಿಂದ ಮತ್ತೆ ಹೇಳಿದರು. ನೂರಾ ಒಂಬತ್ತು ಮುಗಿದಾಗ ಟೈ ಕಟ್ಟಿದವರು, "ಇಷ್ಟೆಲ್ಲಾ ಈಕಿ ಮನಸ್ಸಿನ್ಯಾಗ ಕಟಗೊಂಡು ಹೇಳಿಲ್ಲ ಅನ್ನಾಕ ಏನ್ ಸಾಕ್ಷಿ?" ಎಂದರು.

"ಇನ್ನೊಂದು ಉಳದೈತ್ರಿ" ಎಂದರು ನಾದಿನಿ. ಧ್ವನಿ ಸಣ್ಣದಾಯಿತು. ನಾನು ಕೈಯಲ್ಲಿದ್ದ ದಂಟನ್ನು ಕೆಳಗಿಟ್ಟೆ. "ನೂರಾ ಹತ್ತನೇದು ನಂದು. ಕೆಂಪು. ನನಗ ಇತಿಹಾಸದ ಸರ್ ಬ್ಯಾಡ. ಬಾದಾಮ್ಯಾಗ ಎಲ್ಲಾರ ಮುಂದ ನನಗೊಂದು ಮಾತಂದಾರ, ಅದು ಇನ್ನೂ ನನ್ನ ಹೊಟ್ಟ್ಯಾಗ ಐತಿ. ಆದ್ರ ತೊಂಬತ್ತಾರು ಮಂದಿಗೆ ಅವರ ಬೇಕಾಗ್ಯಾರ. ಎರಡೂ ಬರ್ಕೊಳ್ರಿ. ಬ್ಯಾರೆ ಬ್ಯಾರೆ ಬರ್ಕೊಳ್ರಿ."

ಅಧ್ಯಕ್ಷರು ಟೈ ಕಟ್ಟಿದವರ ಕಡೆ ತಿರುಗಿ ಹೇಳಿದ್ದು ಹೊರಗೆ ಸ್ಪಷ್ಟವಾಗಿ ಕೇಳಿಸಿತು: "ಈಕಿ ಕಟಗೊಂಡು ಹೇಳೂದಿದ್ರ ತನಗ ಬೇಕಾದವರ ಹೆಸರ ಹೇಳ್ತಿದ್ಲು ರೀ. ನಿಮಗ ಇದಕ್ಕಿಂತ ಇನ್ನೆಂಥ ಸಾಕ್ಷಿ ಬೇಕು?"

ಒಂದು ಗಂಟೆಗೆ ನೋಟಿಸ್ ಬೋರ್ಡಿನ ಮೇಲೆ ಹಾಳೆ ಬಿತ್ತು: ಆರು ತಿಂಗಳಿಗೆ ಇತಿಹಾಸದ ಪ್ರಾಧ್ಯಾಪಕರು. ಕೆಳಗೆ ಇನ್ನೊಂದು ಸಾಲು: ಮುಂದಿನ ಸಮಿತಿಗಳಲ್ಲಿಯೂ ವಿದ್ಯಾರ್ಥಿಗಳಿಗೆ ಒಂದು ಸ್ಥಾನ. ಹುಡುಗರು ಎರಡನೆಯ ಸಾಲನ್ನೇ ಹೆಚ್ಚು ಸಲ ಓದಿದರು.

ಗೇಟಿನ ಬಳಿ ಪ್ರಾಧ್ಯಾಪಕರೇ ಎದುರಾದರು. ಒಳಗಿನ ಮಾತು ಹೊರಗೆ ಬಂದು, ಕಟ್ಟಡವನ್ನು ಒಂದು ಸುತ್ತು ಹಾಕಿ, ಅವರಿಗೆ ಮುಟ್ಟಿತ್ತು ಎಂದು ಮುಖದಲ್ಲೇ ಗೊತ್ತಾಗುತ್ತಿತ್ತು. ಕನ್ನಡಕ ತೆಗೆದು ಒರೆಸಿದರು.

"ಅವ್ವಾರ, ಬಾದಾಮ್ಯಾಗ ನಾ ಹಂಗ ಅನ್ನಬಾರದಿತ್ತು."

"ಹೌದ್ರಿ, ಅನ್ನಬಾರದಿತ್ತು."

"ತಪ್ಪಾತು."

ಇವರು ತಲೆಯಾಡಿಸಿದರು. ಆಮೇಲೆ, "ಸರ್, ಮತ್ತ ಆ ಎಂಟು ಮಾರ್ಕು?" ಎಂದರು.

ಪ್ರಾಧ್ಯಾಪಕರು ಬಹಳ ಹೊತ್ತು ಯೋಚಿಸಿದರು. "ಅದು ಎಂಟ ರೀ" ಎಂದರು.

"ಇರ್ಲಿ ಬಿಡ್ರಿ."

ಮನೆಗೆ ಬಂದಾಗ ಒಂದೂಮುಕ್ಕಾಲು. ಇವರು ಕೈಕಾಲು ತೊಳೆದು ಅಡಿಗೆಮನೆಯ ಬಾಗಿಲಲ್ಲಿ ಬಂದು ನಿಂತರು. "ತಂಗಿ, ನನಗ ಹಸಿವಾಗೈತಿ" ಎಂದರು.

ಈ ಮಾತನ್ನು ಈ ಮನೆಯಲ್ಲಿ ಅವರ ಬಾಯಿಂದ ನಾನು ಮೊದಲ ಸಲ ಕೇಳಿದ್ದು. ಎಲ್ಲರದೂ ಮುಗಿದ ಮೇಲೆ ಕಟ್ಟೆಯ ಬಳಿ ನಿಂತು, ಉಳಿದದ್ದನ್ನು ಹತ್ತು ನಿಮಿಷದಲ್ಲಿ ತಿಂದು ಮುಗಿಸುವವರು ಅವರು. ಇವತ್ತು ತಾವೇ ಮಣೆ ಹಾಕಿಕೊಂಡು ಒಲೆಯ ಎದುರಿಗೆ ಕುಳಿತರು. ನಾನು ರೊಟ್ಟಿ ಬಡಿದು, ಸುಟ್ಟು, ಒಂದೊಂದಾಗಿ ತಾಟಿಗೆ ಹಾಕಿದೆ. ಬದನೆಕಾಯಿ ಪಲ್ಯ ಇತ್ತು, ಕುಟ್ಟಿದ ಶೇಂಗಾ ಚಟ್ನಿಯ ಹಿಂಡಿ ಇತ್ತು, ಕೆನೆ ಮೊಸರು ಇತ್ತು.

"ಆ ಎಂಟರಾಂವನ ಹೆಸರು ಹೇಳುವಾಗ ಏನೂ ಅನಸ್ಲಿಲ್ಲೇನ್ರಿ ಅಕ್ಕಾರ?" ಎಂದು ಕೇಳಿದೆ.

ತುತ್ತು ನುಂಗಿ, ನೀರು ಕುಡಿದು ಹೇಳಿದರು: "ಟೇಬಲ್ ಕೆಳಗ ಸೆರಗಿನ ತುದೀಗೆ ಗಂಟು ಹಾಕ್ಕೋತ ಕುಂತಿದ್ದೆ."

ತಾಟು ತೊಳೆಯಲು ಎದ್ದವರನ್ನು ಕೈ ಹಿಡಿದು ಕೂಡಿಸಿದೆ. ನಾನು ಒಲೆ ಒರೆಸಿ ಹೊರಗೆ ಬರುವಷ್ಟರಲ್ಲಿ ಪಡಸಾಲೆಯ ಮಂಚದ ಮೇಲೆ ಮಲಗಿದ್ದರು, ಸೀರೆಯನ್ನೂ ಬದಲಿಸದೆ, ಕೊರಳಲ್ಲಿ ಗುರುತಿನ ಚೀಟಿ ಹಾಗೇ ಇತ್ತು. ನಾವು ಮಲಗುವಾಗ ಎಚ್ಚರಿರುವವರು, ನಾವು ಏಳುವಾಗ ಎದ್ದಿರುವವರು. ಅವರು ನಿದ್ದೆ ಮಾಡುವಾಗ ಮುಖ ಹೇಗಿರುತ್ತದೆ ಎಂದು ಇಪ್ಪತ್ತಾರು ವರ್ಷದಲ್ಲಿ ನಾನು ನೋಡಿಯೇ ಇರಲಿಲ್ಲ. ಬಾಯಿ ಸ್ವಲ್ಪ ತೆರೆದಿರುತ್ತದೆ.

ಎರಡೂವರೆಗೆ ಯಜಮಾನರು ಶಾಲೆಗೆ ಅರ್ಧ ರಜೆ ಹಾಕಿ ಬಂದರು. ಬಾಗಿಲಲ್ಲೇ ನಾನು ತುಟಿಯ ಮೇಲೆ ಬೆರಳಿಟ್ಟೆ. ಚಪ್ಪಲಿ ಕೈಯಲ್ಲಿ ಹಿಡಿದುಕೊಂಡು ಮಂಚ ದಾಟಿ ಅಡಿಗೆಮನೆಗೆ ಬಂದರು. ನಾನು ಪಿಸುಮಾತಿನಲ್ಲಿ ಎಲ್ಲ ಹೇಳಿದೆ. ಕೇಳಿ, ಗೋಡೆಯ ಕಡೆ ನೋಡುತ್ತ ನಿಂತರು.

"ಎಷ್ಟ ರೊಟ್ಟಿ ತಿಂದ್ಲು?"

"ನಾಕು."

"ಬಿಸೀವ?"

"ಒಂದೊಂದ ಬಡದು ಹಾಕಿದೆ."

ಉಳಿದಿದ್ದ ಎರಡು ತಣ್ಣನೆಯ ರೊಟ್ಟಿಯನ್ನು ಹಿಂಡಿ ಹಚ್ಚಿಕೊಂಡು ನಿಂತೇ ತಿಂದರು. ಆಮೇಲೆ ಚಾಪೆ ತೆಗೆದುಕೊಂಡು ಹೋಗಿ, ಅಕ್ಕನ ಮಂಚದ ಪಕ್ಕ ನೆಲದ ಮೇಲೆ ಹಾಸಿ, ಅವರೂ ಮಲಗಿದರು.